ಗುಡ್ಡದ ಒಳಗಿನ ನೀರು, ನಾಯ್ಕರ ಹಠ

ಅಡಕೆ ಮರ ಹತ್ತುವವನಿಗೆ ಊರಿನ ಎಲ್ಲರ ತೋಟವೂ ಮೇಲಿನಿಂದ ಕಾಣುತ್ತದೆ. ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಪ್ರಾಯದಲ್ಲಿ ಮಾಡುತ್ತಿದ್ದದ್ದು ಆ ಕೆಲಸವನ್ನೇ. ಬೇರೆಯವರ ತೋಟದ ಅಡಕೆ, ತೆಂಗುಗಳನ್ನು ಹತ್ತಿ ಕೊನೆ ಇಳಿಸಬೇಕು, ಸಂಜೆ ಕೂಲಿ ಹಿಡಿದು ಮನೆಗೆ ಬರಬೇಕು. ಸ್ವಂತದ್ದೆಂದು ನೆಲವಿರಲಿಲ್ಲ. ಶಾಲೆಯ ಓದೂ ಇರಲಿಲ್ಲ. ತನ್ನದೂ ಒಂದು ಅಡಕೆ ತೋಟವಾಗಬೇಕು, ಹೆಂಡತಿ ಮಕ್ಕಳು ಅದರ ನೆರಳಲ್ಲಿ ಬದುಕಬೇಕು ಎಂಬ ಆಸೆ ಮಾತ್ರ ಇತ್ತು.

1978ರ ಹೊತ್ತಿಗೆ, ದುಡಿಯುತ್ತಿದ್ದ ತೋಟದ ಯಜಮಾನರೇ ಅವರಿಗೆ ಎರಡು ಎಕರೆ ಜಾಗ ಬಿಟ್ಟುಕೊಟ್ಟರು. ಜಾಗವೇನೋ ಸಿಕ್ಕಿತು. ಆದರೆ ಅದು ಗುಡ್ಡದ ಮೇಲಿನ ಬೋಳು ಇಳಿಜಾರು. ಒಂದು ಹನಿ ನೀರಿಲ್ಲ. ಬಾವಿ ತೋಡಿಸಲು ಕೈಯಲ್ಲಿ ಕಾಸಿಲ್ಲ; ತೋಡಿಸಿದರೂ ಅಷ್ಟು ಎತ್ತರದಲ್ಲಿ ನೀರು ಸಿಗುವ ಭರವಸೆಯಿಲ್ಲ, ಮೇಲೆತ್ತಲು ಕರೆಂಟಿಲ್ಲ. ಉಳಿದದ್ದು ಆ ಸೀಮೆಯ ಹಳೆಯ ದಾರಿ, ಸುರಂಗ.

ದಕ್ಷಿಣ ಕನ್ನಡದ ತೆಂಕಣ ಅಂಚಿನಲ್ಲಿ, ಗಡಿಯಾಚೆಯ ಕಾಸರಗೋಡಿನಲ್ಲಿ ಸುರಂಗ ಎಂದರೆ ನೀರಿನ ಸುರಂಗವೇ. ಮಾಣಿಲ, ಬಾಯಾರು, ಶೇಣಿ, ಎಣ್ಮಕಜೆಯ ಕಡೆ ಹೋದರೆ ಗುಡ್ಡದ ಬುಡದಲ್ಲಿ, ತೋಟದ ಮೂಲೆಯಲ್ಲಿ, ಕೆಲವೊಮ್ಮೆ ಮನೆಯ ಹಿತ್ತಲಲ್ಲೇ ಅದರ ಕತ್ತಲೆ ಬಾಯಿ ಕಾಣುತ್ತದೆ. ಇದು ಯಾವಾಗ ಶುರುವಾಯಿತು ಎಂಬುದಕ್ಕೆ ಒಮ್ಮತವಿಲ್ಲ. ಅರಬ್ಬೀ ಸಮುದ್ರ ದಾಟಿ ಬಂದ ವ್ಯಾಪಾರಿಗಳಿಂದ ಪರ್ಷಿಯಾದ ‘ಕನಾತ್’ ವಿದ್ಯೆ ಇಲ್ಲಿಗೂ ಬಂತು ಎನ್ನುವವರಿದ್ದಾರೆ. ಗುಡ್ಡದ ಮಕ್ಕಳು ಗುಡ್ಡದಿಂದಲೇ ಕಲಿತರು ಎನ್ನುವವರೂ ಇದ್ದಾರೆ. ಪುತ್ತೂರಿನಿಂದ ಹೊರಡುವ ‘ಅಡಿಕೆ ಪತ್ರಿಕೆ’ಯ ಶ್ರೀ ಪಡ್ರೆಯವರು ಇವುಗಳ ಬಗ್ಗೆ ಬರೆಯುತ್ತಾ ಬಂದದ್ದರಿಂದ ಹೊರಗಿನವರಿಗೂ ವಿಷಯ ತಿಳಿಯಿತು.

ಇದರ ಗುಟ್ಟಿರುವುದು ಮುರಕಲ್ಲಿನಲ್ಲಿ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಆದರೂ ಮಾರ್ಚ್ ದಾಟಿದರೆ ಕೊಡಪಾನ ಖಾಲಿ. ತೂತುತೂತಾದ ಮುರಕಲ್ಲು ಮಳೆನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕೆಳಗೆ ಜೇಡಿಯ ಪದರ ಸಿಕ್ಕಿದಾಗ ನೀರು ಮುಂದೆ ಇಳಿಯಲಾರದೆ ಅಡ್ಡಕ್ಕೆ ಜಿನುಗುತ್ತದೆ. ಗುಡ್ಡವನ್ನು ಅಡ್ಡಲಾಗಿ ಕೊರೆದು ಆ ಜಿನುಗನ್ನು ಮುಟ್ಟುವುದೇ ಸುರಂಗದ ಕೆಲಸ. ಅಗಲ ಎರಡು ಅಡಿಯ ಆಸುಪಾಸು, ಎತ್ತರ ಒಬ್ಬ ನಿಲ್ಲುವಷ್ಟು. ಒಳಹೋದಂತೆ ನೆಲ ತುಸುವೇ ಏರಬೇಕು. ಆಗ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಉದ್ದವನ್ನು ಹಳಬರು ಕೋಲಿನಲ್ಲಿ ಅಳೆಯುತ್ತಾರೆ. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಕೂಲಿಯ ಲೆಕ್ಕವೂ ಕೋಲಿನದ್ದೇ. ಎಲ್ಲಿ ಅಗೆಯಬೇಕೆಂದು ಹೇಳಲು ಅತ್ತಿ ಮರ, ಹುತ್ತ, ಬೇಸಿಗೆಯಲ್ಲೂ ಹಸಿರಾಗಿರುವ ಬಳ್ಳಿ ಇತ್ಯಾದಿ ಗುರುತುಗಳನ್ನು ನೋಡುವವರಿದ್ದರು. ಒಳಗೆ ದೀಪ ಮಂಕಾದರೆ ಗಾಳಿ ಕಡಿಮೆಯಾಗಿದೆ ಎಂದರ್ಥ; ಕೂಡಲೇ ಹೊರಗೆ ಬರಬೇಕು.

ಸಾಮಾನ್ಯವಾಗಿ ಇದು ಇಬ್ಬರ ಕೆಲಸ. ಒಬ್ಬ ಅಗೆಯುತ್ತಾನೆ, ಇನ್ನೊಬ್ಬ ಮಣ್ಣು ಹೊರುತ್ತಾನೆ. ನಾಯ್ಕರಿಗೆ ಇನ್ನೊಬ್ಬನಿಗೆ ಕೊಡಲು ಕೂಲಿ ಇರಲಿಲ್ಲ. ಹಗಲಿಡೀ ಮರ ಹತ್ತಿ, ಸಂಜೆ ಗುಡ್ಡಕ್ಕೆ ಬಂದು, ಎಣ್ಣೆ ದೀಪದ ಬೆಳಕಿನಲ್ಲಿ ರಾತ್ರಿಯ ತನಕ ಒಬ್ಬರೇ ಅಗೆದರು. ಅಗೆದ ಮಣ್ಣನ್ನು ತಾವೇ ಹೊತ್ತು ಹೊರಗೆ ಹಾಕಿದರು. ಹಗಲಿನ ದುಡಿಮೆ ಮನೆಯ ಅನ್ನಕ್ಕೆ, ರಾತ್ರಿಯದ್ದು ಮುಂದಿನ ತೋಟಕ್ಕೆ. ಹಗಲಿನ ಕೂಲಿಯನ್ನು ಬಿಟ್ಟಿದ್ದರೆ ಸುರಂಗ ಬೇಗ ಮುಗಿಯುತ್ತಿತ್ತೇನೋ, ಆದರೆ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. ನನಗೆ ಅವರ ಹಠಕ್ಕಿಂತ ಹೆಚ್ಚು ಕಾಡುವುದು ಈ ಲೆಕ್ಕಾಚಾರ.

ಮೊದಲ ಸುರಂಗದಲ್ಲಿ ನೀರು ಬರಲಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರು, ನಾಲ್ಕು, ಐದು, ಎಲ್ಲವೂ ಒಣ ಗುಹೆಗಳಾದವು. ವರ್ಷಗಳ ರಾತ್ರಿಗಳು ಹಾಗೇ ಮಣ್ಣಾದವು. ಊರವರು ಆಡಿಕೊಂಡರು. ನಾಯ್ಕರು ಆರನೆಯದಕ್ಕೆ ಪಿಕಾಸಿ ಎತ್ತಿದರು. ಆ ಆರನೆಯದರಲ್ಲಿ ಕಲ್ಲು ಒದ್ದೆಯಾಯಿತು, ನೀರು ಬಂತು.

ಆಮೇಲಿನದ್ದನ್ನು ಬೇಗ ಹೇಳಿ ಮುಗಿಸಬಹುದು, ಮಾಡಿ ಮುಗಿಸಲು ಮಾತ್ರ ದಶಕಗಳೇ ಹಿಡಿದವು. ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ತಟ್ಟು ಮಾಡಿ, ಮಣ್ಣು ಜಾರದಂತೆ ಕಲ್ಲು ಕಟ್ಟಿದರು. ಸುರಂಗದ ನೀರನ್ನು ಮಣ್ಣಿನ ಟ್ಯಾಂಕಿಯಲ್ಲಿ ನಿಲ್ಲಿಸಿ ಗಿಡಗಳಿಗೆ ಇಳಿಸಿದರು. ಪಂಪಿಲ್ಲ, ಕರೆಂಟು ಬಿಲ್ಲಿಲ್ಲ. ಸುಮಾರು 300 ಅಡಕೆ, 75 ತೆಂಗು, 150 ಗೇರು, 200 ಬಾಳೆ, ಮರಕ್ಕೆ ಹಬ್ಬಿದ ಕಾಳುಮೆಣಸು ಆ ಬೋಳುಗುಡ್ಡದಲ್ಲಿ ಎದ್ದವು. 2022ರಲ್ಲಿ, ಎಪ್ಪತ್ತು ದಾಟಿದ ನಾಯ್ಕರಿಗೆ ಪದ್ಮಶ್ರೀ ಬಂತು. ‘ಸುರಂಗ ಮನುಷ್ಯ’ ಎಂದು ಟಿವಿಯವರು ಕರೆದರು.

ಸುರಂಗದ ನೀರು ಬೆರಳು ಗಾತ್ರದ್ದು. ಒಮ್ಮೆಲೇ ಹೆಚ್ಚು ಬೇಕೆಂದರೆ ಸಿಗದು. ಗುಡ್ಡ ಕೊಟ್ಟಷ್ಟನ್ನು ಕೂಡಿಟ್ಟು ಬಳಸಬೇಕು. ನಾಯ್ಕರ ಸಂಸಾರ ಬೆಳೆದದ್ದು ಆ ಅಳತೆಯೊಳಗೆ. ಕೊಳವೆಬಾವಿ ಬಂದ ಮೇಲೆ ಸೀಮೆಯ ಅಳತೆಯೇ ಬದಲಾಯಿತು. ಸ್ವಿಚ್ಚು ಒತ್ತಿದರೆ ನೀರು, ಒತ್ತಿದ್ದು ಜಾಸ್ತಿಯಾದರೆ ಪಕ್ಕದವರ ಸುರಂಗಕ್ಕೂ ಬರ. ಗುಡ್ಡದ ನೆತ್ತಿಯ ಕಾಡು ಹೋಗಿ ರಬ್ಬರ್ ಬಂದಿದೆ. ಸುರಂಗವಿದ್ದರೆ ಸಾಲದು, ಕುಸಿದ ಮಣ್ಣನ್ನು ಆಗಾಗ ತೆಗೆಯಬೇಕು, ಮೇಲಿನ ಗುಡ್ಡದಲ್ಲಿ ಮಳೆನೀರು ಇಂಗಿಸಬೇಕು. ಇವು ಯಾವುದೂ ದೊಡ್ಡ ಖರ್ಚಿನ ಕೆಲಸಗಳಲ್ಲ. ಪಂಚಾಯಿತಿಯ ಉದ್ಯೋಗ ಖಾತರಿಯ ಕೆಲಸಗಳ ಪಟ್ಟಿಯಲ್ಲಿ ಇಂಗುಗುಂಡಿಯ ಜೊತೆ ಹಳೆ ಸುರಂಗದ ಹೂಳೆತ್ತುವುದನ್ನೂ ಸೇರಿಸಿಕೊಂಡರೆ ಒಳ್ಳೆಯದಿತ್ತು.

ಆದರೆ ಒಳಗೆ ಹೋಗುವವರಾದರೂ ಯಾರು? ಸುರಂಗ ಬಲ್ಲವರಿಗೆ ವಯಸ್ಸಾಗಿದೆ. ಅವರ ಮಕ್ಕಳು ಮಂಗಳೂರು, ಬೆಂಗಳೂರು, ಕೊಲ್ಲಿ ಎಂದು ಹೊರಟಿದ್ದಾರೆ. ಕತ್ತಲಲ್ಲಿ ಮಣ್ಣು ಹೊರುವ ಬಾಳು ಮಕ್ಕಳಿಗೆ ಬೇಡವೆಂದು ಕಳಿಸಿದವರೂ ಆ ಅಪ್ಪಂದಿರೇ. ಅದನ್ನು ತಪ್ಪೆನ್ನಲು ಬಾಯಿ ಬರುವುದಿಲ್ಲ. ಆದರೂ ಈ ವಿದ್ಯೆ ಹೀಗೆ ಒಬ್ಬೊಬ್ಬರ ಜೊತೆಗೇ ಮುಗಿದುಹೋಗುತ್ತದಲ್ಲ ಎಂದು ಬೇಸರವಾಗುತ್ತದೆ.