ಏರಿನಲ್ಲಿ ಮುಗ್ಗರಿಸುವ ಮೋಟಾರು

ಸಂಜೆಯ ಹೊತ್ತು ರೇಡಿಯೋದ ಮುಂದೆ ಕುಳಿತು ಸಂಗೀತ ಕೇಳುತ್ತಿದ್ದೀರಿ. ರಾಗ ಆಗಷ್ಟೆ ಕಳೆಗಟ್ಟುತ್ತಿದೆ. ಅಷ್ಟರಲ್ಲಿ ಬೀದಿಯಲ್ಲಿ ಹಳೆಯ ಕಾರೊಂದು ಹಾದುಹೋಗುತ್ತದೆ. ತಂಬೂರಿಯ ಶ್ರುತಿಯ ನಡುವೆ ‘ಚಟ ಚಟ ಚಟ’ ಎಂಬ ಸದ್ದು ನುಗ್ಗುತ್ತದೆ. ಮಧ್ಯಮ ತರಂಗದಲ್ಲಿ ಕೇಳುವವರಿಗೆ ಇದು ಚಿರಪರಿಚಿತ. ಕಾರಿನ ಎಂಜಿನ್ನಿನಲ್ಲಿ ಹಾರುವ ಒಂದೊಂದು ವಿದ್ಯುತ್ ಕಿಡಿಯೂ ಒಂದು ಪುಟ್ಟ ಪ್ರಸಾರಕೇಂದ್ರವೇ ಸರಿ. ಅದರ ಸದ್ದನ್ನು ನಿಮ್ಮ ಪೆಟ್ಟಿಗೆ ಹಿಡಿದು ಕೇಳಿಸುತ್ತದೆ. ಈ ಸದ್ದೇ ನಮ್ಮ ಭಾವನವರ ಕಾರು ಗುಜರಿಯ ಪಾಲಾಗದಂತೆ ತಡೆಯಿತು. ಆ ಸಂಗತಿಯನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ. ನಾನು ಕನ್ನಡ ಪಂಡಿತ, ಯಂತ್ರಶಾಸ್ತ್ರ ಓದಿದವನಲ್ಲ. ಆದರೆ ಮಾತ್ರೆ ತಪ್ಪಿದ ಪದ್ಯವನ್ನು ಕಿವಿಯಿಂದಲೇ ಹಿಡಿಯುವ ಅಭ್ಯಾಸ ಇಲ್ಲಿಯೂ ಕೊಂಚ ನೆರವಾಯಿತು.

ಭಾವನವರದು 1979ರ ಅಂಬಾಸಡರ್. ಮನೆಯ ಮುಂದೆ ನಿಂತು ಓಡುವಾಗ ಬಲು ಸಾಧು; ಶರ ಷಟ್ಪದಿಯ ನಾಲ್ಕು ಮಾತ್ರೆಯ ಗಣದಂತೆ ನಾಲ್ಕೂ ಸಿಲಿಂಡರುಗಳು ಸರದಿ ತಪ್ಪದೆ ನುಡಿಯುತ್ತಿದ್ದುವು. ಏರು ಬಂದೊಡನೆ ಅದರ ಗುಣವೇ ಬದಲಾಗುತ್ತಿತ್ತು. ಒಮ್ಮೆ ಧರ್ಮಸ್ಥಳದಿಂದ ಹಿಂದಿರುಗುವಾಗ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ಕಾರು ಜಗ್ಗಿ ಜಗ್ಗಿ ಮುಗ್ಗರಿಸಿತು. ಹಿಂದೆ ತುಂಬಿದ ಬಸ್ಸು, ಪಕ್ಕದಲ್ಲಿ ಪ್ರಪಾತ, ಒಳಗೆ ಎಪ್ಪತ್ತೆಂಟು ವರ್ಷದ ನಮ್ಮ ತಾಯಿ. ಕೊಟ್ಟಿಗೆಹಾರ ಮುಟ್ಟುವವರೆಗೆ ಯಾರೂ ಮಾತಾಡಲಿಲ್ಲ. ಊರಿಗೆ ಬಂದಮೇಲೆ ಒಬ್ಬ ಮೆಕ್ಯಾನಿಕ್ ಕಾರ್ಬುರೇಟರ್ ಬದಲಿಸಿದ, ಆಮೇಲೆ ಪೆಟ್ರೋಲ್ ಪಂಪ್ ಬದಲಿಸಿದ. ಕೊನೆಗೆ ಎಂಜಿನ್ ಬಿಚ್ಚಿ ರಿಬೋರ್ ಮಾಡಿಸಬೇಕು, ನಲವತ್ತು ಸಾವಿರವಾದರೂ ಬೇಕು ಎಂದ. ಭಾವನವರು ಗುಜರಿಯವನಿಗೆ ಹೇಳಿಕಳುಹಿಸಿದರು.

ನಿಂತಾಗ ನೆಟ್ಟಗಿರುವ ಎಂಜಿನ್ ಹೊರೆ ಬಿದ್ದಾಗ ಏಕೆ ಎಡವುತ್ತದೆ? ಕಾರಣ ತಿಳಿದರೆ ಅರ್ಧ ರೋಗ ಗೊತ್ತಾದಂತೆ. ಕಾರು ಸುಮ್ಮನೆ ನಿಂತಿರುವಾಗ ಕಾರ್ಬುರೇಟರಿನ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ. ಸಿಲಿಂಡರಿಗೆ ಹೋಗುವ ಗಾಳಿ ಪೆಟ್ರೋಲುಗಳ ಮಿಶ್ರಣ ಅಲ್ಪ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಿರೆನ್ನಿ, ಬಾಗಿಲು ತೆರೆದು ಮಿಶ್ರಣ ತುಂಬಿಕೊಳ್ಳುತ್ತದೆ. ಪಿಸ್ಟನ್ ಅದನ್ನು ಅದುಮಿ ದಟ್ಟವಾಗಿಸುತ್ತದೆ. ದಟ್ಟವಾದ ಅನಿಲದ ನಡುವೆ ಕಿಡಿ ಹಾರಬೇಕಾದರೆ ಹೆಚ್ಚಿನ ವೋಲ್ಟೇಜು ಬೇಕು. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಸಾವಿರಾರು ವೋಲ್ಟಿಗೆ ಏರಿಸಿಕೊಡುತ್ತದೆ, ನಿಜ. ಆದರೆ ವಿದ್ಯುತ್ತು ಬಲು ಜಾಣ. ಪ್ಲಗ್ಗಿನ ತುದಿಯಲ್ಲಿ ಹಾರುವುದು ಕಷ್ಟವೆನಿಸಿದರೆ, ಬಿರಿದ ಲೀಡು, ಒದ್ದೆಯಾದ ಮುಚ್ಚಳ, ಎಲ್ಲಿ ಸುಲಭದ ಸಂದಿ ಸಿಕ್ಕಿತೋ ಅಲ್ಲಿಂದಲೇ ಸೋರಿಹೋಗುತ್ತದೆ. ಕೆರೆಯಲ್ಲಿ ನೀರು ಕಡಿಮೆಯಿರುವಾಗ ಏರಿಯ ಬಿರುಕು ಕಾಣದು. ಕೆರೆ ತುಂಬಿದಾಗಲೇ ಅದು ಬಾಯಿಬಿಡುವುದು.

ಇದು ಕಿಡಿಯ ಕಡೆಯ ದೋಷ. ಇನ್ನೊಂದು ಪೆಟ್ರೋಲಿನ ಕಡೆಯದು. ಏರಿನಲ್ಲಿ ಎಂಜಿನ್ನಿಗೆ ಹಸಿವು ಹೆಚ್ಚು. ಫಿಲ್ಟರ್ ಕಟ್ಟಿಕೊಂಡಿದ್ದರೆ, ಜೆಟ್ಟಿನಲ್ಲಿ ಕಸ ಕೂತಿದ್ದರೆ, ಪಂಪಿನ ಪೊರೆ ಹರಿದಿದ್ದರೆ ಬೇಕಾದಷ್ಟು ಪೆಟ್ರೋಲ್ ಒದಗದು. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಬೆರೆಸುವ ಎಥನಾಲ್ 2025ರ ವೇಳೆಗೆ ನೂರಕ್ಕೆ 20ರ ಪ್ರಮಾಣ ಮುಟ್ಟಿತು. ಅದು ಹಳೆಯ ರಬ್ಬರ್ ಕೊಳವೆಗಳನ್ನು ಕೆಡಿಸುತ್ತದೆ, ಟ್ಯಾಂಕಿನಲ್ಲಿ ಕೂತ ಹಳೆಯ ಕೊಳೆಯನ್ನು ಎಬ್ಬಿಸಿ ಫಿಲ್ಟರಿಗೆ ತರುತ್ತದೆ. ಹಳೆಯ ಅಳತೆಯ ಜೆಟ್ಟಿನಲ್ಲಿ ಮಿಶ್ರಣವನ್ನು ತುಸು ತೆಳುವಾಗಿಸುತ್ತದೆ ಕೂಡ.

ಎರಡರಲ್ಲಿ ಯಾವುದೆಂದು ತಿಳಿಯುವುದು ಹೇಗೆ? ಮೊದಲು ಕಿವಿಗೊಡಿ. ಕಿಡಿ ತಪ್ಪಿದರೆ ಥಟ್ಟನೆ, ಹೊಡೆದಂತೆ ಜಗ್ಗುತ್ತದೆ. ಸೈಲೆನ್ಸರಿನಲ್ಲಿ ಪಟಾಕಿಯ ಸದ್ದೂ ಬರಬಹುದು. ಪೆಟ್ರೋಲ್ ಸಾಲದಿದ್ದರೆ ಎಂಜಿನ್ ಉಸಿರು ಕಟ್ಟಿದವರಂತೆ ನಿಧಾನವಾಗಿ ಸೊರಗುತ್ತದೆ. ಏರು ಹತ್ತಿ ಸ್ವಲ್ಪ ದೂರ ಹೋದಮೇಲೆ ಕಾಣಿಸಿಕೊಳ್ಳುತ್ತದೆ, ಸೀನಿದಂತೆ ಕಾರ್ಬುರೇಟರಿನಲ್ಲಿ ಸದ್ದಾಗುತ್ತದೆ. ಅನಂತರ ಚೋಕಿನ ಪರೀಕ್ಷೆ. ಎಡವುತ್ತಿರುವಾಗಲೇ ಚೋಕನ್ನು ಅರ್ಧ ಎಳೆಯಿರಿ. ಕಾರು ಚೇತರಿಸಿಕೊಂಡರೆ ಪೆಟ್ರೋಲಿನದೇ ಕೊರತೆ. ಏನೂ ಫಲ ಕಾಣದಿದ್ದರೆ ಕಿಡಿಯತ್ತ ತಿರುಗಬೇಕು. ಆ ಮೆಕ್ಯಾನಿಕ್ ಈ ಒಂದು ನಿಮಿಷದ ಪರೀಕ್ಷೆ ಮಾಡಿದ್ದರೆ ಕಾರ್ಬುರೇಟರಿನ ಹಣವೂ ಪಂಪಿನ ಹಣವೂ ಉಳಿಯುತ್ತಿದ್ದುವು.

ಗುಜರಿಯವನು ಬರುವ ಮುನ್ನಾದಿನ ನಾವು ಚಾಮುಂಡಿ ಬೆಟ್ಟದ ರಸ್ತೆ ಹಿಡಿದೆವು. ಭಾವನವರು ಚಾಲಕರು, ನಾನು ಪಕ್ಕದಲ್ಲಿ ಕೂತು ಹಳೆಯ ಟ್ರಾನ್ಸಿಸ್ಟರನ್ನು ಮಧ್ಯಮ ತರಂಗದಲ್ಲಿ, ಯಾವ ನಿಲಯವೂ ಇಲ್ಲದೆಡೆ ತಿರುಗಿಸಿ ಹಿಡಿದೆ. ಚಟಚಟ ಸೊಗಸಾಗಿ ಕೇಳುತ್ತಿತ್ತು. ಏರಿನಲ್ಲಿ ಕಾರು ಮುಗ್ಗರಿಸಿತು. ಸದ್ದು ಮಾತ್ರ ನಿಲ್ಲಲಿಲ್ಲ. ಇದರರ್ಥವನ್ನು ಗಮನಿಸಿ. ಎಡವಿದ ಗಳಿಗೆಯಲ್ಲಿ ಚಟಚಟವೂ ಕಡಿದಿದ್ದರೆ ಕಿಡಿಯೇ ಹುಟ್ಟುತ್ತಿಲ್ಲವೆಂದು ಊಹಿಸಿ ಪಾಯಿಂಟ್, ಕಂಡೆನ್ಸರ್, ಕಾಯಿಲಿಗೆ ಹೋಗುವ ತಂತಿ ಇವನ್ನು ನೋಡಬೇಕಾಗಿತ್ತು. ಡಿಸ್ಟ್ರಿಬ್ಯೂಟರಿನೊಳಗಿನ ಸಣ್ಣ ತಂತಿಯೂ ಇಂಥ ಕಡೆ ಮೋಸ ಮಾಡುತ್ತದೆ. ಅದರ ತಟ್ಟೆ ಅತ್ತಿತ್ತ ಸರಿಯುವಾಗಲೆಲ್ಲ ಬಾಗಿ ಬಾಗಿ ಹೊದಿಕೆಯೊಳಗೇ ತುಂಡಾಗಿರುತ್ತದೆ. ನಮ್ಮಲ್ಲಿ ಕಿಡಿ ಹುಟ್ಟುತ್ತಿತ್ತು, ಚೋಕಿಗೆ ಫಲವಿರಲಿಲ್ಲ. ಹಾಗಾದರೆ ಕಿಡಿ ಎಲ್ಲೋ ದಾರಿ ತಪ್ಪುತ್ತಿದೆ ಎಂದಾಯಿತು. (ರೇಡಿಯೋ ಹಿಡಿಯುವವರು ಪಕ್ಕದಲ್ಲಿರತಕ್ಕದ್ದು, ಚಾಲಕರಲ್ಲ.)

ಆ ರಾತ್ರಿ ಬಯಲಿನಲ್ಲಿ ಕಾರು ನಿಲ್ಲಿಸಿ, ದೀಪವಾರಿಸಿ, ಬಾನೆಟ್ ತೆಗೆದು ಎಂಜಿನ್ ಓಡಿಸಿದೆವು. ಮುಚ್ಚಿದ ಷೆಡ್ಡಿನಲ್ಲಿ ಇದನ್ನು ಖಂಡಿತ ಮಾಡಬೇಡಿ. ಹೊಗೆಯಲ್ಲಿರುವ ವಿಷಾನಿಲಕ್ಕೆ ವಾಸನೆಯಿಲ್ಲ, ಪ್ರಾಣ ತೆಗೆಯುತ್ತದೆ. ಪಂಚೆಯ ಅಂಚು, ಸೀರೆಯ ಸೆರಗು ಫ್ಯಾನಿನ ಬಳಿ ಸುಳಿಯಬಾರದು. ಲೀಡುಗಳನ್ನು ಮುಟ್ಟಲೂ ಬಾರದು. ಕತ್ತಲಲ್ಲಿ ಒಬ್ಬರು ಆಕ್ಸಿಲರೇಟರನ್ನು ಥಟ್ಟನೆ ಒತ್ತಿ ಬಿಟ್ಟರೆ ಸೋರುವ ಕಿಡಿ ನೀಲಿಯಾಗಿ ಮಿನುಗುವುದುಂಟು. ನಮಗೆ ಹೊರಗೆ ಏನೂ ಕಾಣಲಿಲ್ಲ. ಎಂಜಿನ್ ಆರಿಸಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಳಮೈಯನ್ನು ಟಾರ್ಚಿನಲ್ಲಿ ನೋಡಿದೆವು. ಎರಡು ಲೋಹದ ಮೊಳೆಗಳ ನಡುವೆ ಸೀಸದಕಡ್ಡಿಯಲ್ಲಿ ಎಳೆದಂತೆ ಕೂದಲೆಳೆಯ ಕಪ್ಪು ಗೆರೆ! ಕಿಡಿ ಹರಿದು ಹರಿದು ಮಾಡಿಕೊಂಡ ಕಳ್ಳದಾರಿ ಅದು. ಸುಟ್ಟ ಇಂಗಾಲ ವಿದ್ಯುತ್ತನ್ನು ಸಾಗಿಸುತ್ತದೆ. ಹೊರೆ ಬಿದ್ದಾಗ ಒಂದು ಸಿಲಿಂಡರಿನ ಕಿಡಿ ನೆರೆಯ ಸಿಲಿಂಡರಿನ ಪಾಲಾಗುತ್ತಿತ್ತು. ಒರೆಸಿದರೆ ಹೋಗುವ ಗೆರೆಯಲ್ಲ, ಮುಚ್ಚಳವನ್ನೇ ಬದಲಿಸಬೇಕು. ರಿಬೋರಿನ ಲೆಕ್ಕದ ಮುಂದೆ ಅದರ ಬೆಲೆ ಏನೂ ಅಲ್ಲ.

ಆ ಹೊತ್ತಿಗೇ ಪ್ಲಗ್ಗುಗಳನ್ನೂ ನೋಡಿದೆವು. ತುದಿ ತಿಳಿಕಂದು ಬಣ್ಣವಿದ್ದರೆ ಆರೋಗ್ಯ. ಒಣ ಮಸಿ ಹೆಚ್ಚು ಪೆಟ್ರೋಲಿನ ಗುರುತು. ಎಣ್ಣೆಜಿಡ್ಡು ಸವೆದ ಎಂಜಿನ್ನಿನದು. ಬೆಳ್ಳಗೆ ಸುಟ್ಟಂತಿದ್ದರೆ ಮಿಶ್ರಣ ತೆಳು. ಪ್ಲಗ್ಗಿನ ಸಂದಿ ಓಡುತ್ತ ಓಡುತ್ತ ಅಗಲವಾಗುತ್ತದೆ, ಪಾಯಿಂಟಿನ ಸಂದಿ ಹಿಮ್ಮಡಿ ಸವೆದು ಕಿರಿದಾಗುತ್ತದೆ. ಎರಡೂ ಏರಿನಲ್ಲಿ ತೊಂದರೆ ಕೊಡತಕ್ಕವೇ. ಈ ಕಾರಿಗೆ ಪ್ಲಗ್ಗಿನಲ್ಲಿ 0.025 ಅಂಗುಲ, ಪಾಯಿಂಟಿನಲ್ಲಿ 0.015 ಅಂಗುಲ ಇಟ್ಟೆವು. ನಿಂತಾಗಲೂ ಒಂದೇ ಸಿಲಿಂಡರ್ ಸತ್ತಂತಿದ್ದು, ಹೊಸ ಪ್ಲಗ್ ಹಾಕಿದರೂ ಜೀವ ಬಾರದಿದ್ದರೆ, ಆಗ ವಾಲ್ವು, ಹೆಡ್ ಗ್ಯಾಸ್ಕೆಟ್ ಮುಂತಾದವನ್ನು ಮೆಕ್ಯಾನಿಕ್ ಕಂಪ್ರೆಷನ್ ಅಳೆದು ಹೇಳಬೇಕು. ಅಲ್ಲಿ ನಮ್ಮಂಥವರ ಕೈ ಬೇಡ.

ಮುಚ್ಚಳ ಬದಲಿಸುವಾಗ ಲೀಡುಗಳಿಗೆ ನಂಬರಿನ ಚೀಟಿ ಕಟ್ಟಿಕೊಳ್ಳಿ. ಈ ಎಂಜಿನ್ನಿನಲ್ಲಿ ಕಿಡಿಯ ಸರದಿ 1, 3, 4, 2. ನಾನು ಶಾಲೆಯ ಹಾಜರಿ ಕರೆದಂತೆ 1, 2, 3, 4 ಎಂದು ಜೋಡಿಸಿಬಿಟ್ಟೆ. ಕಾರು ಹೊತ್ತಿಕೊಳ್ಳದೆ ಢಮ್ಮೆಂದಿತು, ಭಾವನವರು ಒಂದು ವಾರ ನನ್ನನ್ನು ‘ಎಂಜಿನಿಯರ್ ಸಾಹೇಬರೇ’ ಎಂದೇ ಕರೆದರು. ಮರುಜೋಡಣೆಯಾದ ಮೇಲೆ ಅದೇ ಬೆಟ್ಟವನ್ನು ಒಂದೇ ಉಸಿರಿಗೆ ಹತ್ತಿತು. ನೆರೆಯವರ ಸಂಗೀತಕ್ಕೆ ಭಂಗವಾಗದಿರಲೆಂದು ಪ್ಲಗ್ಗುಗಳಿಗೆ 5 ಸಾವಿರ ಓಮಿನ ತಡೆಯುಳ್ಳ ಟೋಪಿಗಳನ್ನೂ ಹಾಕಿಸಿದ್ದೇವೆ. ಅವು ಕಿಡಿಯನ್ನು ಕುಂದಿಸವು, ರೇಡಿಯೋದ ಚಟಚಟವನ್ನು ಬಹುಮಟ್ಟಿಗೆ ಅಡಗಿಸುತ್ತವೆ.