ಅಳಗುಳಿಮಣೆಯ ಮೊದಲ ಪಾಠ

ಶಿಶುವಿಹಾರಗಳಲ್ಲಿ ಸಂಸ್ಕೃತಿಯೆಂದರೆ ವಾರ್ಷಿಕೋತ್ಸವದ ದಿನ ಮಕ್ಕಳಿಗೆ ವೇಷ ತೊಡಿಸುವುದೆಂಬ ಭಾವನೆ ಬೇರೂರಿದೆ. ನನಗದು ಒಪ್ಪಿಗೆಯಲ್ಲ. ನಮ್ಮ ಅಜ್ಜಿಯರ ಅಳಗುಳಿಮಣೆಯನ್ನೇ ನೋಡಿರಿ: ಎದುರುಬದುರಾಗಿ ಏಳೇಳರಂತೆ 14 ಗುಳಿಗಳು, ಒಂದೊಂದರಲ್ಲಿ ನಾಲ್ಕು ಇಟ್ಟರೆ 56 ಹುಣಸೆಬೀಜ. ಒಂದು ಗುಳಿಯನ್ನು ಬರಿದುಮಾಡಿ ಮುಂದಿನವುಗಳಿಗೆ ಒಂದೊಂದಾಗಿ ಹಂಚುತ್ತ ಹೋಗುವ ಮಗು ಎಣಿಕೆಯನ್ನು ಬೆರಳ ತುದಿಯಲ್ಲಿ ಕಲಿಯುತ್ತದೆ, ಸರದಿಗಾಗಿ ಕಾಯುವುದನ್ನೂ. (ತುಳುನಾಡಿನವರಿಗೆ ಇದೇ ಚೆನ್ನೆಮಣೆ.) 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಎಳೆಯರ ಕಲಿಕೆಗೆ ಆಟವನ್ನೇ ತಳಹದಿಯಾಗಿಸಿತು. ಆದರೆ ನನ್ನ ಕಾಲೇಜಿನ ಎಷ್ಟೋ ವಿದ್ಯಾರ್ಥಿಗಳು ಈ ಮಣೆಯ ಹೆಸರನ್ನು ಮೊದಲು ಕೇಳುವುದು ಜಾನಪದದ ಪಾಠದಲ್ಲಿ! ಅಷ್ಟರಲ್ಲಿ ಅದು ಆಟವಾಗಿ ಉಳಿದಿರುವುದಿಲ್ಲ, ಪರೀಕ್ಷೆಯ ಟಿಪ್ಪಣಿಯಾಗಿರುತ್ತದೆ.

ಬೀಜ ಬಾಯಿಗೆ ಹೋದೀತೆಂಬ ಅಂಜಿಕೆ ಸಹಜವೇ. ಐದು ತುಂಬಿದವರಿಗೆ ಮಾತ್ರ ಕೊಡೋಣ. ಬಳಿಯಲ್ಲಿ ಹಿರಿಯರೊಬ್ಬರು ಕುಳಿತಿರಲಿ. ಊರ ಅಜ್ಜಿಯೊಬ್ಬರನ್ನೇ ಏಕೆ ಕರೆಯಬಾರದು? ಯಾವ ಗುಳಿಯಿಂದ ಎತ್ತಿದರೆ ಗೆಲುವೆಂಬುದನ್ನು ಅವರು ಪುಸ್ತಕ ನೋಡದೆಯೇ ಹೇಳಬಲ್ಲರು.