ಹೊಲದಲ್ಲಿ ಕಲ್ಲು ಬೆಳೆಯುತ್ತವೆಯೇ?



ಮಣ್ಣಿನ ಪದರಗಳನ್ನು ನೋಡಲು ಚಿತ್ರಪಟವೇ ಬೇಕೆಂದಿಲ್ಲ. ನೀರು ಬತ್ತಿದ ಹಳೇ ಬಾವಿಯ ಎದುರು ಗೋಡೆ ನೋಡಿದರೆ ಸಾಕು. (ದೂರದಿಂದ ನೋಡಿರಿ, ದಡಕ್ಕೆ ಹೋಗಬೇಡಿ.) ಎಲ್ಲಕ್ಕಿಂತ ಮೇಲೆ ಗೇಣುದ್ದ ಮೇಲ್ಮಣ್ಣು. ಬೇರು, ಎರೆಹುಳು, ಕೊಳೆತ ಎಲೆ ಹೆಚ್ಚಾಗಿ ಇರುವುದು ಇಲ್ಲೇ. ಅದರ ಕೆಳಗೆ ಕೆಂಪು ಒಳಮಣ್ಣು. ಮಳೆನೀರು ಸಣ್ಣ ಜೇಡಿ ಕಣಗಳನ್ನು ಮೇಲಿನಿಂದ ಇಲ್ಲಿಗೆ ಇಳಿಸುತ್ತದೆ, ಅದಕ್ಕೇ ಇದು ಗಟ್ಟಿ, ಅಂಟು. ಇನ್ನೂ ಕೆಳಗೆ ಹಿಸುಕಿದರೆ ಪುಡಿಯಾಗುವ ಕಲ್ಲು. ಅದು ಪೂರ್ತಿ ಕಲ್ಲೂ ಅಲ್ಲ, ಮಣ್ಣೂ ಅಲ್ಲ. ನನಗೆ ಇಷ್ಟವಾದ ಪದರ ಇದೇ. ಏಕೆಂದರೆ ಮಣ್ಣು ಹುಟ್ಟುತ್ತಿರುವುದು ಇಲ್ಲಿ. ತಳದಲ್ಲಿ ಬಂಡೆ.

ನಮ್ಮ ಪಾವಗಡ, ಮಧುಗಿರಿ ಬೆಟ್ಟಗಳ ಬಂಡೆಗೆ ಕ್ಲೋಸ್‌ಪೇಟ್ ಗ್ರಾನೈಟ್ ಎಂದು ಹೆಸರು. (ಕ್ಲೋಸ್‌ಪೇಟೆ ಅಂದರೆ ಈಗಿನ ರಾಮನಗರ.) ಅದರ ವಯಸ್ಸು ಸುಮಾರು 250 ಕೋಟಿ ವರ್ಷ! ಇಂಥ ಬಂಡೆಯೂ ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿ, ಬಿರುಕು ಬಿಡುತ್ತದೆ. ಬಿರುಕಿಗೆ ನೀರು, ಬೇರು ಇಳಿಯುತ್ತವೆ. ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್ ನಿಧಾನವಾಗಿ ಜೇಡಿಯಾಗುತ್ತದೆ. ಕಬ್ಬಿಣದ ಅಂಶ ತುಕ್ಕು ಹಿಡಿದು ಮಣ್ಣು ಕೆಂಪಾಗುತ್ತದೆ. ಬೆಣಚುಕಲ್ಲು ಮಾತ್ರ ಜಗ್ಗೋದಿಲ್ಲ, ಮರಳಾಗಿ ಉಳಿಯುತ್ತದೆ. ನಮ್ಮ ಉತ್ತರ ಪಿನಾಕಿನಿ ನದಿಯ ಮರಳಿನಲ್ಲಿ ಹೆಚ್ಚಾಗಿ ಇರೋದು ಅದೇ. ಹೀಗೆ ಒಂದು ಅಂಗುಲ ಮಣ್ಣಾಗಲು ನೂರಾರು ವರ್ಷ ಬೇಕು.

ಹೋಗಲು ಅಷ್ಟು ವರ್ಷ ಬೇಕಿಲ್ಲ. ನಮ್ಮ ತಾತ ಪ್ರತಿ ವರ್ಷ ಹೊಲದಲ್ಲಿ ಕಲ್ಲು ಆಯಿಸುತ್ತಾರೆ. "ಆಯ್ದಷ್ಟೂ ಬರ್ತಾವೆ ಕಣೋ, ಈ ಕಲ್ಲು ಬೆಳೀತಾವೆ" ಅಂತಾರೆ. ಊರಲ್ಲಿ ಬಹಳ ಜನ ಹಾಗೇ ಹೇಳೋದು. ಉಳುವಾಗ ಕೆಲವು ಕಲ್ಲು ಮೇಲೆ ಬರುವುದು ನಿಜ. ಆದರೆ ಕಲ್ಲು ಬೆಳೆಯುವುದಿಲ್ಲ, ಸುತ್ತಲಿನ ಮಣ್ಣು ಕೊಚ್ಚಿಹೋಗುತ್ತದೆ. ನಮ್ಮ ಕಡೆ ಮಳೆ ಕಮ್ಮಿ, ಬಂದರೆ ಒಂದೇ ಸಲ ಜೋರು. ಉತ್ತು ಬಿಟ್ಟ ಬರಿ ಹೊಲದಿಂದ ಕೆಂಪು ನೀರು ಹಳ್ಳಕ್ಕೆ ಓಡುತ್ತದಲ್ಲ, ಅದು ಮೇಲ್ಮಣ್ಣು. ಅದು ಹೋದರೆ ಕಡಲೆಕಾಯಿಗೆ ಕಷ್ಟ. ಕಡಲೆಗಿಡದ ಹೂವಿನ ಬುಡದಿಂದ ಸೂಜಿಯಂತಹದು ನೆಲಕ್ಕಿಳಿದು ಕಾಯಿ ಕಟ್ಟಬೇಕು. ಗಟ್ಟಿ ಒಳಮಣ್ಣಿಗೆ ಅದು ಹೇಗೆ ಇಳಿದೀತು?

ಇದನ್ನೆಲ್ಲಾ ತಾತನಿಗೆ ಹೇಳಿದೆ. "ಹಂಗಾದ್ರೆ ಹೋಗಿರೋ ಮಣ್ಣು ತೋರ್ಸು" ಅಂದರು. ಇಬ್ಬರೂ ಬದುವಿನ ಹತ್ತಿರ ಹೋದೆವು. ಬದುವಿನ ಮೇಲ್ಗಡೆ ಮಣ್ಣು ನಿಂತು ಎತ್ತರವಾಗಿತ್ತು. ಕೆಳಗಡೆ ಗೇಣು ತಗ್ಗು. ತಾತ ಏನೂ ಮಾತಾಡಲಿಲ್ಲ. ಆ ವಾರವೇ ಆಯ್ದ ಕಲ್ಲನ್ನೆಲ್ಲಾ ತಂದು ಬದು ಒಡೆದ ಜಾಗದಲ್ಲಿ ಜೋಡಿಸಿದೆವು.